ಬೆನ್ನಿನ ಮಣ್ಣು ಒರೆಸಿದ ಫೋಟೋ

ಹೊಸದಾಗಿ ಕ್ಯಾಮೆರಾ ಕೊಂಡ ಹುಡುಗರು ಆಗಾಗ ಬನಹಟ್ಟಿಯ ನಮ್ಮ ಮನೆಗೆ ಬರುತ್ತಾರೆ. ಸ್ಟುಡಿಯೊ ಮುಚ್ಚಿ ಸುಮ್ಮನೆ ಕೂತ ನನಗೂ ಮಾತಿಗೆ ಜನ ಬೇಕು. ಚಹಾ ಕುಡಿದಾದ ಮೇಲೆ "ಅಣ್ಣಾರ, ಈ ಉದ್ಯೋಗಕ್ಕ ಏನೇನ್ ಬೇಕ್ರಿ?" ಎಂದು ಕೇಳುತ್ತಾರೆ. ಲೆನ್ಸು, ಲೈಟು, ಬ್ಯಾಟರಿ ಎಂದು ನಾನು ಪಟ್ಟಿ ಹೇಳಬೇಕೆಂದು ಅವರ ಆಸೆ. ನಾನು ಹೇಳುವುದೇ ಬೇರೆ. ಹೊಟ್ಟೆ ಉರಿಯಲು ಒಬ್ಬ ಮನುಷ್ಯ ಬೇಕು. ಅವನು ಒಂದು ಬಸ್ಸು ಹತ್ತಿದರೆ ಸಿಗುವಷ್ಟು ಹತ್ತಿರದಲ್ಲಿ ಇರಬೇಕು, ನಿಮಗಿಂತ ಕೂದಲೆಳೆಯಷ್ಟು ಚೆನ್ನಾಗಿ ಫೋಟೋ ತೆಗೆಯಬೇಕು. ತುಂಬಾ ಚೆನ್ನಾಗಿ ತೆಗೆಯುವವನಾದರೆ ಪ್ರಯೋಜನವಿಲ್ಲ, ಅವನಿಗೆ ಕೈ ಮುಗಿದು ಸುಮ್ಮನಾಗಿಬಿಡುತ್ತೀರಿ. ಕೂದಲೆಳೆಯಷ್ಟೇ ಇರಬೇಕು. ನನಗೆ ಅಂಥವನು ಸಿಕ್ಕಿದ್ದ. ಮುಧೋಳದ ಶ್ರೀಶೈಲ.

ಹುಡುಗರು ನಗುತ್ತಾರೆ. ನಾನು ತಮಾಷೆ ಮಾಡುತ್ತಿಲ್ಲ ಎಂದು ತಿಳಿಸುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾವಿಬ್ಬರೂ ಜಮಖಂಡಿಯ ಬಾಬುರಾವ ಮಾಸ್ತರರ ಸ್ಟುಡಿಯೊದಲ್ಲಿ ಕಲಿತವರು. ನಾನು ನೇಕಾರರ ಮನೆಯವನು. ಮಗ್ಗದ ಕುಣಿಯಲ್ಲಿ ಕಾಲಿಟ್ಟರೆ ಸಾಕು, ನನಗೆ ನಿದ್ದೆ ಬರುತ್ತಿತ್ತು. ಇವನಿಂದ ಸೀರೆ ನೇಯುವ ಕೆಲಸ ಆಗುವುದಿಲ್ಲವೆಂದು ಅಪ್ಪ ನನ್ನನ್ನು ಮಾಸ್ತರರಿಗೆ ಒಪ್ಪಿಸಿದ. ಅದೇ ವರ್ಷ ಶ್ರೀಶೈಲ ಬಂದ. ಗರಡಿಮನೆಯಲ್ಲಿ ಸಾಮು ಮಾಡಿದ ಮೈ. ನೀರಿನ ಬಕೆಟ್ಟನ್ನು ಅವನು ಒಂದೇ ಕೈಯಲ್ಲಿ ಎತ್ತುತ್ತಿದ್ದ, ನನಗೆ ಎರಡು ಕೈ ಬೇಕಾಗುತ್ತಿದ್ದವು. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಆ ಬಕೆಟ್ಟಿನಿಂದಲೇ ಇರಬೇಕು.

ಮಾಸ್ತರರು ಬಾಯಿಬಿಟ್ಟು ಯಾರನ್ನೂ ಹೊಗಳಿದವರಲ್ಲ, ಬೈದವರೂ ಅಲ್ಲ. ನಾವಿಬ್ಬರೂ ತೊಳೆದ ಫೋಟೋಗಳನ್ನು ಟ್ರೇಯಲ್ಲಿ ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಆಮೇಲೆ ಒಂದನ್ನು ಎತ್ತಿ ಹಗ್ಗಕ್ಕೆ ಚಿಮಟಿ ಹಾಕಿ ಒಣಗಲು ಬಿಡುತ್ತಿದ್ದರು. ಇನ್ನೊಂದು ನೀರಿನಲ್ಲೇ ಉಳಿಯುತ್ತಿತ್ತು. ಅಷ್ಟೇ ಪರೀಕ್ಷೆ, ಅಷ್ಟೇ ಫಲಿತಾಂಶ. ನೀರಿನಲ್ಲಿ ಉಳಿಯುತ್ತಿದ್ದದ್ದು ಯಾರದೆಂದು ನಾನು ಹೇಳಬೇಕಾಗಿಲ್ಲ.

ಶ್ರೀಶೈಲ ಕೆಟ್ಟವನಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಆದರೆ ಆ ಪುಣ್ಯಾತ್ಮನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಒಮ್ಮೆ ತೇರದಾಳದ ವ್ಯಾಪಾರಿಯೊಬ್ಬರು ಮಗಳ ಫೋಟೋ ಬಹಳ ಛಲೋ ಬಂದಿದೆಯೆಂದು ಅವನ ಬೆನ್ನು ತಟ್ಟಿದರು. "ಅದು ನಂದಲ್ರೀ, ಈರಣ್ಣ ತಗದದ್ದು" ಎಂದ. ನನಗೆ ಖುಷಿಯಾಯಿತು. ಮರುದಿನವೇ ಇನ್ನೊಬ್ಬರು ಬಂದು, ಫೋಟೋದಲ್ಲಿ ತಮ್ಮ ಮಾರಿಯನ್ನು ಕುಂಬಳಕಾಯಿ ಮಾಡಿದವರು ಯಾರೆಂದು ಕೂಗಾಡಿದರು. "ಅದೂ ಈರಣ್ಣನ ತಗದದ್ರೀ" ಎಂದ. ಎರಡನ್ನೂ ಒಂದೇ ದನಿಯಲ್ಲಿ ಹೇಳಿದ. ಇಂಥವನ ಮೇಲೆ ಹೊಟ್ಟೆಕಿಚ್ಚು ಪಡುವುದೆಂದರೆ ಬಹಳ ತ್ರಾಸಿನ ಕೆಲಸ. ಬೈಯಲು ಒಂದು ಕಾರಣವಾದರೂ ಬೇಕಲ್ಲ.

ನನ್ನ ಫಜೀತಿಗಳಿಗೆ ಮಾತ್ರ ಕೊರತೆ ಇರಲಿಲ್ಲ. ಬೀಳಗಿಯ ಸಾಲೆಯೊಂದರ ಗ್ರೂಪ್ ಫೋಟೋ ತೆಗೆಯಲು ಮಾಸ್ತರರು ನನ್ನೊಬ್ಬನನ್ನೇ ಕಳಿಸಿದ್ದರು. ಎಲ್ಲರೂ ಸರಿಯಾಗಿ ಬಂದರು, ನಡುವೆ ಕೂತ ಹೆಡ್‌ಮಾಸ್ತರರು ಮಾತ್ರ ಕಣ್ಣು ಮುಚ್ಚಿದ್ದರು. ಆಗ ನೆಗೆಟಿವಿನ ಮೇಲೆ ಚೂಪು ಪೆನ್ಸಿಲ್ಲಿನಿಂದ ತಿದ್ದುವ ಪದ್ಧತಿ ಇತ್ತು. ಮೊಡವೆ ತೆಗೆಯಲು, ಸುಕ್ಕು ಮರೆಸಲು ಅದು ಛಲೋ. ನಾನು ಧೈರ್ಯ ಮಾಡಿ ಹೆಡ್‌ಮಾಸ್ತರರಿಗೆ ಎರಡು ಕಣ್ಣು ಬರೆದೆ. ಪ್ರಿಂಟು ಹಾಕಿದಾಗ ಅವರು ದೆವ್ವ ಕಂಡವರ ಹಾಗೆ ಕಣ್ಣು ಕಿಸಿದುಕೊಂಡು ಕೂತಿದ್ದರು. ಸಾಲೆಯವರು ಆ ಫೋಟೋ ತಿರುಗಿ ಕಳಿಸಿ, "ಆ ಮುಧೋಳದ ಹುಡುಗನ್ನ ಕಳಸ್ರಿ" ಎಂದು ಹೇಳಿಕಳಿಸಿದರು. ಆ ದಿನ ನನಗೆ ಊಟ ಸೇರಲಿಲ್ಲ.

ಇನ್ನು ಕುಸ್ತಿಗೆ ಬರುತ್ತೇನೆ. ಜಮಖಂಡಿಯ ದೊಡ್ಡ ಕುಸ್ತಿ ಎಂದರೆ ಆಗ ಸಾಂಗಲಿ, ಕೊಲ್ಲಾಪುರದ ಕಡೆಯ ಪೈಲ್ವಾನರೂ ಬರುತ್ತಿದ್ದರು. ಕೊನೆಯ ಜೋಡಿಯದು ನಿಕಾಲಿ ಕುಸ್ತಿ. ಯಾರಾದರೊಬ್ಬನ ಬೆನ್ನು ಮಣ್ಣಿಗೆ ಹತ್ತುವತನಕ ಬಿಡುವ ಹಾಗಿಲ್ಲ, ಸಮ ಎಂದು ಕೈ ಕುಲುಕಿಸಿ ಕಳಿಸುವ ಹಾಗೂ ಇಲ್ಲ. ಆ ವರ್ಷ ಕೊನೆಗೆ ಉಳಿದವರು ಇಬ್ಬರೂ ನಮ್ಮ ಭಾಗದವರೇ. ಮುಧೋಳದ ಯಲ್ಲಪ್ಪ, ತೇರದಾಳದ ದುಂಡಪ್ಪ. ರಬಕವಿ-ಬನಹಟ್ಟಿಯಲ್ಲಿ ಮಗ್ಗ ನಿಲ್ಲಿಸಿ ಮಂದಿ ಲಾರಿ ಹತ್ತಿದರು. ಬೀಗರು ಬೀಗರಲ್ಲಿ ಮಾತು ನಿಂತುಹೋದದ್ದೂ ಉಂಟು.

ಆ ಹೊತ್ತಿಗೆ ವಯಸ್ಸಾಗಿ ಮಾಸ್ತರರಿಗೆ ಕ್ಯಾಮೆರಾ ಹಿಡಿಯಲು ಆಗುತ್ತಿರಲಿಲ್ಲ. ನಮ್ಮಿಬ್ಬರನ್ನೂ ಕರೆದು, "ಇಬ್ಬರೂ ಹೋಗ್ರಿ. ಯಾವಂದು ಛಲೋ ಬರತೈತಿ ಅದು ಮುಂದಿನ ಶೋಕೇಸಿಗೆ" ಎಂದರು. ಸ್ಟುಡಿಯೊದ ಮುಂದಿನ ಗಾಜಿನ ಕಪಾಟಿನಲ್ಲಿ ಅಲ್ಲಿಯತನಕ ಮಾಸ್ತರರ ಫೋಟೋ ಬಿಟ್ಟು ಬೇರೆಯವರದು ಕೂತಿರಲಿಲ್ಲ. ಈ ಸಲ ಅದು ನನ್ನದೇ ಆಗಬೇಕೆಂದು ಹಟ ಹಿಡಿದೆ. ಬೆಳಿಗ್ಗೆ ಎದ್ದು ಕ್ಯಾಮೆರಾದ ಕಂದು ಬಣ್ಣದ ತೊಗಲಿನ ಕವಚವನ್ನು ಎಣ್ಣೆ ಹಚ್ಚಿ ಮಿರಮಿರ ಮಿಂಚುವ ಹಾಗೆ ತಿಕ್ಕಿದೆ.

ಕುಸ್ತಿಯ ಕಣದ ಮಣ್ಣು ಬರಿಯ ಮಣ್ಣಲ್ಲ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ನಿಂಬೆರಸ, ಅರಿಶಿನ ಬೆರೆಸಿ ಹದ ಮಾಡಿ, ಪೂಜೆ ಮಾಡಿರುತ್ತಾರೆ. ನಾನು ಚಪ್ಪಲಿ ದೂರ ಬಿಟ್ಟು, ಬರಿಗಾಲಲ್ಲಿ ಕಣದ ಅಂಚಿಗೆ ಹೋದೆ. ಕುಸ್ತಿಯ ತೀರ್ಪು ಕೊಡುವ ಹಿರಿಯ ಪಂಚರೊಬ್ಬರು ನನ್ನ ಎದೆಗೆ ಕೈ ಕೊಟ್ಟು ನಿಲ್ಲಿಸಿದರು.

"ತೊಗಲ ಒಳಗ ಬರಂಗಿಲ್ಲ."

ನಾನು ಬರಿಗಾಲು ತೋರಿಸಿದೆ. ಅವರು ಬೆರಳು ಮಾಡಿದ್ದು ಕ್ಯಾಮೆರಾದ ಕವಚಕ್ಕೆ.

"ಇದು ಕ್ಯಾಮೆರಾದ್ದು ಅದರೀ."

"ತೊಗಲ ಅಂದ್ರ ತೊಗಲ. ಹಿಂದ ಸರಿ."

ಅಷ್ಟರಲ್ಲಿ ನನ್ನ ಪಕ್ಕದಿಂದಲೇ ಶ್ರೀಶೈಲ ಒಳಗೆ ಹೋದ. ಅವನ ಕ್ಯಾಮೆರಾಕ್ಕೆ ಕವಚವೇ ಇರಲಿಲ್ಲ. ಪಾಯಿಜಾಮದ ಬಿಳಿ ಲಾಡಿಯಿಂದ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು, ಕಣದ ಅಂಚಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ನಾನು ಗಡಿಬಿಡಿಯಿಂದ ಕವಚದ ತಿರುಪು ಬಿಚ್ಚುವಷ್ಟರಲ್ಲಿ ಸೀಟಿ ಊದಿದರು, ಹಲಗೆ ಬಾರಿಸಿದರು, ಜನ ನನ್ನನ್ನು ಹಿಂದಕ್ಕೆ ನೂಕಿದರು. ಒಂದು ಡಾಂಬರಿನ ಖಾಲಿ ಪೀಪಾಯಿ ಹತ್ತಿ ನಿಂತು, ಮುಂದಿದ್ದವರ ತಲೆಯ ರುಮಾಲುಗಳ ಮೇಲಿಂದ ಫೋಟೋ ತೆಗೆಯಬೇಕಾಯಿತು.

ಬಹಳ ಹೊತ್ತು ಇಬ್ಬರೂ ಜಗ್ಗಾಡಿದರು. ಕೊನೆಗೆ ಯಲ್ಲಪ್ಪ ದುಂಡಪ್ಪನನ್ನು ಎತ್ತಿ ಹಾಕಿದ. ಚಿತ್! ನಾನು ಸರಿಯಾದ ಹೊತ್ತಿಗೇ ಗುಂಡಿ ಒತ್ತಿದ್ದೆ, ಇದನ್ನು ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ. ಆದರೆ ಅದೇ ಹೊತ್ತಿಗೆ ನನ್ನ ಮುಂದಿದ್ದ ಗೌಡರೊಬ್ಬರು ಖುಷಿಗೆ ತಮ್ಮ ರುಮಾಲನ್ನು ಮೇಲಕ್ಕೆ ತೂರಿದರು. ಆ ವರ್ಷದ ದೊಡ್ಡ ಕುಸ್ತಿಯ ನನ್ನ ಫೋಟೋದಲ್ಲಿ ಇರುವುದು ಒಂದು ರುಮಾಲು.

ಜನವೆಲ್ಲ ಯಲ್ಲಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿಯಿತು. ನಾನು ಸಿಟ್ಟಿನಿಂದ ಹಿಂದೆ ನೀರಿನ ತೊಟ್ಟಿಯ ಕಡೆಗೆ ಹೋದೆ. ಅಲ್ಲಿ ದುಂಡಪ್ಪ ಕಲ್ಲಿನ ಮೇಲೆ ಕೂತಿದ್ದ. ಅವನಿಗೆ ಕುಸ್ತಿ ಕಲಿಸಿದ ವಸ್ತಾದರು ಹಿಂದೆ ನಿಂತು, ತಮ್ಮ ತಲೆಯ ರುಮಾಲು ಬಿಚ್ಚಿ, ಅವನ ಬೆನ್ನಿಗೆ ಹತ್ತಿದ ಕೆಂಪು ಮಣ್ಣನ್ನು ಒರೆಸುತ್ತಿದ್ದರು. ಸೋತವನು ಬೆನ್ನ ಮೇಲೆ ಮಣ್ಣು ಇಟ್ಟುಕೊಂಡು ಜನರ ನಡುವೆ ಹಾಯಬಾರದೆಂಬುದು ಗರಡಿಯ ರೀತಿ. ರೋಲಿನಲ್ಲಿ ಒಂದೇ ಫೋಟೋ ಉಳಿದಿತ್ತು, ಅದು ಮುಗಿಯದೆ ರೋಲು ತೊಳೆಯುವ ಹಾಗಿರಲಿಲ್ಲ. ಆ ಕಾರಣಕ್ಕೇ ಅದನ್ನು ತೆಗೆದೆ, ಬೇರೆ ಯಾವ ಕಾರಣಕ್ಕೂ ಅಲ್ಲ.

ಮಾಸ್ತರರು ಟ್ರೇಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರು. ಶ್ರೀಶೈಲನದರಲ್ಲಿ ದುಂಡಪ್ಪನ ಬೆನ್ನು ನೆಲಕ್ಕೆ ಹತ್ತಿದೆ, ಮಣ್ಣು ಸಿಡಿದಿದೆ, ಪಂಚರ ಕೈ ಮೇಲೆದ್ದಿದೆ. ಅದನ್ನು ಎತ್ತಿ ಹಗ್ಗಕ್ಕೆ ಹಾಕಿದರು. ಆ ದಿನ ಮಾತ್ರ ನನಗೊಂದು ಮಾತು ಹೇಳಿದರು: "ಸೋತವನ ಫೋಟೋ ಯಾರ್ ತಗೋತಾರಲೇ?"

ಹೊರಗೆ ಬಂದು ಶ್ರೀಶೈಲನ ಮೇಲೆ ಹರಿಹಾಯ್ದೆ. "ತೊಗಲ ಬಿಡಂಗಿಲ್ಲ ಅಂತ ಒಂದ್ ಮಾತ್ ಹೇಳಾಕ ಬರತಿದ್ದಿಲ್ಲೇನಲೇ ನಿನಗ?"

"ನಿನಗ ಗೊತ್ತಿರಬೇಕು ಅಂದ್ಕೊಂಡಿದ್ದೆ" ಎಂದ. "ಗರಡಿ ಮುಂದ ಹಾದಾಡು ಮಂದಿಗೆ ಸುದ್ದಾ ಗೊತ್ತೈತಿ ಇದು."

ಅವನು ಸುಳ್ಳು ಹೇಳುವವನಲ್ಲವಾದ್ದರಿಂದ ಇದೂ ಖರೆಯೇ ಇರಬೇಕು. ಅದಕ್ಕೇ ಇನ್ನಷ್ಟು ಉರಿಯಿತು.

ಆ ಫೋಟೋ ಮೊದಲು ಶೋಕೇಸಿಗೆ ಬಂತು, ಆಮೇಲೆ ಎಲ್ಲ ಕಡೆ ಹೋಯಿತು. ಗರಡಿಮನೆಗಳಲ್ಲಿ, ಚಹಾದ ಅಂಗಡಿಗಳಲ್ಲಿ, ನೂಲಿನ ವ್ಯಾಪಾರಿಗಳ ಗಾದಿಯ ಮೇಲೆ. ಬನಹಟ್ಟಿಯಲ್ಲಿ ನಾನು ಕ್ಷೌರ ಮಾಡಿಸಿಕೊಳ್ಳುವ ಅಂಗಡಿಯಲ್ಲೂ ಕನ್ನಡಿಯ ಮೇಲೆ ಅದೇ. ಕೊರಳ ಮೇಲೆ ಕತ್ತಿ ಇರುವಾಗ ತಿರುಗುವ ಹಾಗೂ ಇಲ್ಲ, ನೋಡಲೇಬೇಕು. ಕ್ಷೌರದಂಗಡಿ ಬದಲಿಸಿದೆ. ಹೊಸ ಅಂಗಡಿಯವನು ಮರುತಿಂಗಳೇ ಅದನ್ನು ತಂದು ತೂಗುಹಾಕಿದ.

ಮುಂದೆ ಶ್ರೀಶೈಲ ಮುಧೋಳದಲ್ಲಿ, ನಾನು ಬನಹಟ್ಟಿಯಲ್ಲಿ ಸ್ವಂತ ಸ್ಟುಡಿಯೊ ಇಟ್ಟೆವು. ಅವನು ಫ್ಲಾಶ್ ಕೊಂಡರೆ ನಾನು ಎರಡು ಕೊಂಡೆ. ಕಲರ್ ಬಂದಾಗ ಅವನೇ ಮೊದಲು ಶುರುಮಾಡಿದ. ರೋಲನ್ನು ಬಸ್ಸಿನಲ್ಲಿ ಕೊಲ್ಲಾಪುರಕ್ಕೆ ಕಳಿಸಿ ಕಾಯಬೇಕಾಗಿತ್ತು. ನಾನು ಕಳಿಸಿದ ಮೊದಲ ಮದುವೆಯಲ್ಲಿ ಮದುಮಗಳು ಕಾಮಾಲೆ ಆದವಳ ಹಾಗೆ ಬಂದಳು. ವಿಡಿಯೊದಲ್ಲಿಯಾದರೂ ಅವನನ್ನು ಹಿಂದೆ ಹಾಕಬೇಕೆಂದು, ನಮ್ಮ ಭಾಗದಲ್ಲಿ ಇನ್ನೂ ಯಾರೂ ಮುಟ್ಟದಿದ್ದಾಗಲೇ ವಿಡಿಯೊ ಕ್ಯಾಮೆರಾ ತಂದೆ. ಹೆಗಲ ಮೇಲೆ ಹೊರುವ ಭಾರ, ಮದುವೆಯ ಮಂದಿಯನ್ನು ಬೆವರಿಳಿಸುವ ಹ್ಯಾಲೊಜನ್ ಲೈಟು. ವಿದ್ಯುತ್ ಮಗ್ಗದ ಮಾಲೀಕರು ಮದುಮಕ್ಕಳಿಗಿಂತ ಮೊದಲು ತಮ್ಮ ಮಗ್ಗಗಳ ವಿಡಿಯೊ ತೆಗೆಸಿಕೊಂಡರು. ಶ್ರೀಶೈಲ ವಿಡಿಯೊಕ್ಕೆ ಬರಲೇ ಇಲ್ಲ. "ನನಗ ನಿಂತದ್ದನ್ನ ತಗ್ಯಾಕ ಬರತೈತಿ, ಅಷ್ಟ ಸಾಕು" ಎಂದನಂತೆ. ಆ ಸಮಾಧಾನವೂ ನನ್ನನ್ನು ಸುಟ್ಟಿತು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನಿಂದ ವಸಂತ ಎಂಬ ತರುಣ ಬಂದ. ಜಮಖಂಡಿಯ ದೊಡ್ಡ ಕುಸ್ತಿಯ ಇತಿಹಾಸದ ಬಗ್ಗೆ ಟಿ.ವಿ.ಗಾಗಿ ಸಾಕ್ಷ್ಯಚಿತ್ರ ಮಾಡುತ್ತಿದ್ದ. ಜೊತೆಗೆ ತಂದಿದ್ದ ಕ್ಯಾಮೆರಾದವನು ನಮ್ಮ ಕಡೆಯ ಖಾರ ತಿಂದು, ಎರಡನೆಯ ದಿನವೇ ಹೊಟ್ಟೆ ಹಿಡಿದುಕೊಂಡು ಲಾಡ್ಜಿನಲ್ಲಿ ಮಲಗಿದ. ವಿಡಿಯೊ ಬಲ್ಲವರು ಯಾರಿದ್ದಾರೆಂದು ಕೇಳಿದಾಗ ಜನ ನನ್ನ ಹೆಸರು ಹೇಳಿದರು. ಕುಸ್ತಿಯ ಇತಿಹಾಸದಲ್ಲಿ ಕೊನೆಗೂ ನನಗೊಂದು ಜಾಗ ಸಿಕ್ಕಿತೆಂದು ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ.

ವಸಂತ ಒಪ್ಪಿಸಿದ ಮೊದಲ ಕೆಲಸವೇ ಮುಧೋಳಕ್ಕೆ ಹೋಗಿ ಶ್ರೀಶೈಲನ ಸಂದರ್ಶನ ಚಿತ್ರಿಸುವುದು. ಆಮೇಲೆ ಅವನ ಆ ಕುಸ್ತಿಯ ಫೋಟೋವನ್ನು ಸ್ಟ್ಯಾಂಡಿಗೆ ಹಚ್ಚಿ, ನಿಧಾನವಾಗಿ, ಮೇಲಿಂದ ಕೆಳಗೆ, ಪ್ರೀತಿಯಿಂದ ತೆಗೆಯಬೇಕು. "ಪ್ರೀತಿಯಿಂದ" ಎನ್ನುವುದು ವಸಂತನ ಮಾತು.

ಲೈಟನ್ನು ಕೆಳಗಿನಿಂದ ಕೊಟ್ಟರೆ ಎಂಥವನ ಮುಖವೂ ಭೂತದ ಮುಖವಾಗುತ್ತದೆ. ಸ್ಟ್ಯಾಂಡನ್ನು ಕೆಳಕ್ಕೆ ಇಳಿಸಿದೆ. ಶ್ರೀಶೈಲನ ಕಣ್ಣ ಕೆಳಗಿನ ಚೀಲಗಳು ಎದ್ದು ಕಂಡವು. ಕಣ್ಣಿಟ್ಟು ನೋಡಿ ಒಂದು ಗಳಿಗೆ ಸುಖಪಟ್ಟೆ. ಆಮೇಲೆ ಯೋಚನೆ ಬಂತು, ಇದನ್ನು ನೋಡಿದವರು ಅವನನ್ನು ಬೈಯುವುದಿಲ್ಲ, ಕ್ಯಾಮೆರಾ ಹಿಡಿದವನನ್ನು ಬೈಯುತ್ತಾರೆ. ಲೈಟನ್ನು ಮೇಲಕ್ಕೇರಿಸಿದೆ. ನೋಡಿದರೆ ಮಂತ್ರಿಯ ಹಾಗೆ ಕಂಡ, ದರಿದ್ರ.

ಮಾತೆಲ್ಲ ಮುಗಿದ ಮೇಲೆ, ಆ ದಿನದ ಬೇರೆ ಫೋಟೋ ಇವೆಯೇ ಎಂದು ವಸಂತ ಕೇಳಿದ. ಶ್ರೀಶೈಲ ನನ್ನ ಕಡೆ ಕೈ ಮಾಡಿದ. "ಇವನ್ನ ಕೇಳ್ರಿ. ಆ ದಿನ ಇವನೂ ಇದ್ದ. ಸೋತವಂದು ಒಂದ್ ಫೋಟೋ ತಗದಿದ್ದ, ಛಲೋ ಇತ್ತು."

ಛಲೋ ಇತ್ತು! ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದು ಈಗ ಹೇಳುತ್ತಾನೆ. ಮನೆಗೆ ಬಂದು ಹಳೆಯ ಡಬ್ಬಿಗಳನ್ನೆಲ್ಲ ಕೆದರಿ ನೆಗೆಟಿವು ಹುಡುಕಿ ಪ್ರಿಂಟು ಹಾಕಿದೆ.

ಸೋತವನನ್ನು ಕೇಳದೆ ಟಿ.ವಿ.ಯಲ್ಲಿ ತೋರಿಸಲು ಮನಸ್ಸಾಗಲಿಲ್ಲ. ವಸಂತನನ್ನು ಕರೆದುಕೊಂಡು ತೇರದಾಳಕ್ಕೆ ಹೋದೆ. ದುಂಡಪ್ಪ ಪೈಲ್ವಾನ ಮುದುಕನಾಗಿದ್ದ, ಭುಜ ಮಾತ್ರ ಇನ್ನೂ ಬಾಗಿಲಗಲ. ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದ.

"ಈರಣ್ಣಾರ, ಚಾದ ಅಂಗಡಿಗೆ ಹೋದರ ನಾ ಬಾಗಲ ಕಡೆ ಮಾರಿ ಮಾಡಿ ಕುಂದರ್ತೇನ್ರಿ. ಗ್ವಾಡಿ ಮ್ಯಾಲ ನಾನ ಅಂಗಾತ ಬಿದ್ದಿರ್ತೇನಿ" ಎಂದ. ಆಮೇಲೆ ಫೋಟೋದ ಮೇಲೆ ಹೆಬ್ಬೆರಳಿಟ್ಟ. "ನಮ್ಮ ವಸ್ತಾದರು ಎಂದೂ ಫೋಟೋ ತಗಿಸಿಕೊಂಡವರಲ್ರಿ. ಅವರ ಮಾರಿ ಹೆಂಗಿತ್ತು ಅಂತ ನನ್ನ ಮೊಮ್ಮಕ್ಕಳಿಗೆ ತೋರಸಾಕ ಏನೂ ಇದ್ದಿಲ್ಲ. ಹಾಕ್ರಿ ಇದನ್ನ. ಎಲ್ಲಾರೂ ನೋಡ್ಲಿ."

ನಾನು ತಂದ ಪ್ರಿಂಟನ್ನು ಅವನು ತಿರುಗಿ ಕೊಡಲೇ ಇಲ್ಲ. ಇನ್ನೊಂದು ಹಾಕಿಕೊಂಡು ಚಿತ್ರಿಸಬೇಕಾಯಿತು.

ಇಲ್ಲಿ ನನ್ನ ಬುದ್ಧಿ ಓಡಿದ ರೀತಿ ನೋಡಿ. ಶ್ರೀಶೈಲನ ಸಂದರ್ಶನವೂ ಫೋಟೋವೂ ಇದ್ದ ಟೇಪಿನಲ್ಲೇ, ಅದಕ್ಕೆ ತಾಗಿಸಿ ನನ್ನದನ್ನು ಚಿತ್ರಿಸಿದೆ. ಬೆಂಗಳೂರಿನಲ್ಲಿ ಚಿತ್ರದ ತುಣುಕುಗಳನ್ನು ಕೂಡಿಸುವವರು ಎರಡನ್ನೂ ಒಟ್ಟಿಗೆ ನೋಡಲಿ, ಮಾಸ್ತರರ ಟ್ರೇಯಲ್ಲಿ ಇಟ್ಟ ಹಾಗೆ ಪಕ್ಕಪಕ್ಕ ನೋಡಿ ಯಾವುದು ಹೆಚ್ಚು ಎಂದು ಅವರೇ ಹೇಳಲಿ ಎಂದು.

ಸಾಕ್ಷ್ಯಚಿತ್ರ ಟಿ.ವಿ.ಯಲ್ಲಿ ಬಂದ ಸಂಜೆ ನಮ್ಮ ಓಣಿಯಲ್ಲಿ ಮಗ್ಗಗಳ ಸದ್ದೇ ಇರಲಿಲ್ಲ. ಮನೆ ತುಂಬ ಜನ. ಶ್ರೀಶೈಲ ಮಂತ್ರಿಯ ಹಾಗೆ ಕೂತು ಆ ದಿನದ ಕುಸ್ತಿಯ ಕತೆ ಹೇಳತೊಡಗಿದ. ಅವನ ಫೋಟೋ ಬಂತು, ಎಲ್ಲರೂ ಅದನ್ನು ಮೊದಲೇ ಕಂಡವರು, ಸುಮ್ಮನೆ ನೋಡಿದರು. ಅವನ ಮಾತು ನಡೆದೇ ಇತ್ತು, ನನ್ನ ಫೋಟೋ ಬಂತು. ವಸ್ತಾದರ ಕೈ, ಆ ರುಮಾಲು, ಬೆನ್ನ ಮೇಲಿನ ಮಣ್ಣು. ಪಕ್ಕದ ಮನೆಯ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಏನ್ ತಗದಾನಪಾ ಶ್ರೀಶೈಲ!" ಎಂದು ಹಿಂದಿನಿಂದ ಯಾರೋ ಹೇಳಿದರು.

ನನ್ನ ಹೆಂಡತಿ ನನ್ನ ಕಡೆ ತಿರುಗಿದಳು. "ಅದು ನಿಮ್ದಲ್ಲೇನ್ರಿ?"

ಕೊನೆಯಲ್ಲಿ ಹೆಸರುಗಳು ಬಂದವು. ಹಳೆಯ ಫೋಟೋಗಳು: ಶ್ರೀಶೈಲ, ಮುಧೋಳ. ನನ್ನ ಹೆಸರೂ ಬಂತು, ಸಹಾಯ ಮಾಡಿದವರ ಸಾಲಿನಲ್ಲಿ, ಲಾಡ್ಜಿನ ಮಾಲೀಕ ಮತ್ತು ಜೀಪಿನ ಡ್ರೈವರನ ನಡುವೆ. ಒಂದೇ ಟೇಪಿನಲ್ಲಿದ್ದದ್ದೆಲ್ಲ ಶ್ರೀಶೈಲನದೇ ಎಂದು ಕೂಡಿಸುವವರು ಬರೆದುಕೊಂಡಿರಬೇಕು, ವಸಂತನ ಕಣ್ಣಿಗೂ ಅದು ಬಿದ್ದಿರಲಿಕ್ಕಿಲ್ಲ. ಆ ರಾತ್ರಿ ನಾನು ಮೈ ಪರಚಿಕೊಂಡದ್ದೊಂದು ಬಾಕಿ. ನನ್ನ ಜೀವಮಾನದ ಒಂದೇ ಒಂದು ಒಳ್ಳೆಯ ಫೋಟೋವನ್ನು ನಾನೇ ಕೈಯಾರೆ ಅವನ ಪಕ್ಕದಲ್ಲಿಟ್ಟು ಅವನಿಗೆ ಕೊಟ್ಟುಬಿಟ್ಟಿದ್ದೆ.

ಕೆಲವು ವಾರ ಕಳೆದು ಶ್ರೀಶೈಲ ಬಸ್ಸಿಳಿದು ನೇರವಾಗಿ ನನ್ನ ಸ್ಟುಡಿಯೊಕ್ಕೆ ಬಂದ. ಮುಖ ಕೆಂಡವಾಗಿತ್ತು. ಅವನನ್ನು ಅಷ್ಟು ಸಿಟ್ಟಿನಲ್ಲಿ ನಾನು ಎಂದೂ ಕಂಡಿರಲಿಲ್ಲ.

"ಲೇ ಈರ್ಯಾ, ಬೆಂಗಳೂರಿಗೆ ಫೋನ್ ಮಾಡಲೇ. ಆ ಫಿಲ್ಮ್ ಇನ್ನೊಮ್ಮೆ ತೋರಸ್ತಾರಂತ. ಹೆಸರು ಬದಲ ಮಾಡಸು."

"ನೀನ ಮಾಡಬೇಕಿಲ್ಲೇನು?"

"ಮಾಡಿದ್ನಿ. ಫೋಟೋ ಯಾರದೋ ಅವರ ಹೇಳಿದ್ರ ಬದಲ ಮಾಡ್ತೇವಿ ಅಂದ್ರು." ಅವನು ಸ್ಟೂಲಿನ ಮೇಲೆ ಕುಸಿದು ಕೂತ. "ನಂದು ಅಂತ ಇದ್ದದ್ದು ಆ ಚಿತ್ ಮಾಡಿದ ಫೋಟೋ ಒಂದ. ಅದನ್ನ ಈಗ ಯಾರೂ ಕೇಳವೊಲ್ಲರು. ಬಂದವರೆಲ್ಲಾ 'ಬೆನ್ನ ಒರಸೋ ಫೋಟೋ ಕೊಡ್ರಿ' ಅಂತಾರ. ಅಂಗಡ್ಯಾಗಿಂದ ನಂದು ತಗದು ಅದನ್ನ ಹಾಕ್ತೇವಿ ಅಂತಾರ. ನಾ ಎಲ್ಲಿಂದ ತಂದ ಕೊಡ್ಲಿ?"

ನಾನು ಅವನ ಮುಖ ನೋಡುತ್ತಲೇ ಇದ್ದೆ. ಅವನ ಕಣ್ಣಲ್ಲಿ ಇದ್ದದ್ದನ್ನು ಗುರುತಿಸಲು ನನಗೆ ಹೊತ್ತು ಬೇಕಾಗಲಿಲ್ಲ. ಅವನು ಬಕೆಟ್ಟು ಎತ್ತಿದ ದಿನದಿಂದ ನಾನು ಅದನ್ನು ಸಾಕಿಕೊಂಡು ಬಂದವನು. ಅಂತೂ ಅದು ಮುಧೋಳವನ್ನೂ ಮುಟ್ಟಿತ್ತು.

"ಕೇಳಿದವರಿಗೆ ಏನಂತ ಹೇಳ್ತಿ?" ಎಂದು ಕೇಳಿದೆ.

"ಏನಂತ ಹೇಳ್ಲಿ? ಅದು ನಂದಲ್ರೀ, ಬನಹಟ್ಟಿ ಈರಣ್ಣ ತಗದದ್ದು ಅಂತೇನಿ. ಮುಂಜಾನಿಂದ ಸಂಜೀತನಕ ಇದನ್ನ ಹೇಳಿ ಹೇಳಿ ಬಾಯಿ ಒಣಗಾಕತ್ತೈತಿ."

"ಏನಂತಿ? ಇನ್ನೊಮ್ಮೆ ಹೇಳು."

"ಬನಹಟ್ಟಿ ಈರಣ್ಣ ತಗದದ್ದು ಅಂತ!" ಎಂದು ರೇಗಿದ.

ಫೋನು ನನ್ನ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಒಂದು ಮಾತು ಹೇಳಿದ್ದರೆ ನನ್ನ ಹೆಸರು ಟಿ.ವಿ.ಯಲ್ಲಿ ಬರುತ್ತಿತ್ತು, ಒಂದು ಸಂಜೆ, ಕಣ್ಣು ಮಿಟುಕಿಸುವಷ್ಟು ಹೊತ್ತು. ಹೇಳದಿದ್ದರೆ ಅಲ್ಲಿ ಮುಧೋಳದಲ್ಲಿ ಪ್ರತಿದಿನ, ಬಂದವರೆಲ್ಲರಿಗೂ, ಸುಳ್ಳು ಹೇಳಲು ಬಾರದ ಶ್ರೀಶೈಲನ ಬಾಯಿಂದಲೇ ಅದು ಬರುತ್ತಿತ್ತು. ಫೋನಿನ ಪಕ್ಕದ ಗಂಟೆ ಒತ್ತಿ ಎದುರಿನ ಅಂಗಡಿಯಿಂದ ಎರಡು ಚಹಾ ತರಿಸಿದೆ.

"ಮಾಡ್ತೇನಿ ತಗೋ" ಎಂದೆ. "ಏನ್ ಅವಸರ ಐತಿ?"

ಶ್ರೀಶೈಲ ಈಗಲೂ ಮುಧೋಳದಲ್ಲೇ ಇದ್ದಾನೆ, ಗಟ್ಟಿಮುಟ್ಟಾಗಿದ್ದಾನೆ, ಈಗಲೂ ಅಂಗಡಿಯಲ್ಲಿ ಕೂರುತ್ತಾನಂತೆ. ಆ ಫೋನು ನಾನು ಇನ್ನೂ ಮಾಡಿಲ್ಲ.